ನನಗೆ ಈಜು ಬರುವುದಿಲ್ಲ

ಗುರುವಾರ ಬೆಳಿಗ್ಗೆ ಏಳೂವರೆ.
ಹಲ್ ಊರಿನ ಮುನಿಸಿಪಲ್ ಈಜುಕೊಳ.
ಹೊರಗೆ ಹಂಬರ್ ನದಿಯ ಕಡೆಯಿಂದ ಚೂರಿಯಂಥ ಗಾಳಿ,
ಒಳಗೆ ಕ್ಲೋರಿನ್ ವಾಸನೆ, ಒದ್ದೆ ಟೈಲ್ಸು,
ಗೋಡೆಯ ಮೇಲೆ ಬಣ್ಣ ಉದುರಿಸುತ್ತ ನಗುವ ತಿಮಿಂಗಿಲ.
ಸೊಂಟದ ಮಟ್ಟದ ನೀರಲ್ಲಿ ನಾವಿಬ್ಬರು:
ನಲವತ್ತೇಳರ ನಾನು, ಎಪ್ಪತ್ತೊಂದರ ಬೆರಿಲ್.
ಕಲಿಸುವ ಕ್ಯಾಲಮ್‌ಗೆ ಇನ್ನೂ ಇಪ್ಪತ್ತು ತುಂಬಿಲ್ಲ.
"ತಲೆ ಹಿಂದಕ್ಕೆ ಬಿಡಿ, ನೀರೇ ಹಿಡಿದುಕೊಳ್ಳುತ್ತೆ" ಅನ್ನುತ್ತಾನೆ,
ನೀರು ಅವನ ಚಿಕ್ಕಪ್ಪನೋ ಎಂಬಂತೆ.

ನೀರಿಗಿಳಿಯದೆ ಈಜು ಬಾರದು ಅಂತ ಎಲ್ಲರೂ ಹೇಳುತ್ತಾರೆ.
ಇಳಿದ ಮೇಲೂ ಬಾರದಿದ್ದರೆ
ಏನು ಮಾಡಬೇಕೆಂದು ಯಾರೂ ಹೇಳಿಲ್ಲ.

ನಾನು ಓದುತ್ತಿರುವುದು ಕೆಸರನ್ನು.
ನಗಬೇಡಿ.
ನದಿ ಕಡಲು ಸೇರುವಲ್ಲಿ ದಿನಕ್ಕೆರಡು ಸಲ
ಬಯಲಾಗಿ ಮತ್ತೆ ಮುಳುಗುವ ಕೆಸರು,
ಅದರೊಳಗಿನ ಹುಳು, ಹುಳುವಿನ ಬಿಲ, ಬಿಲದ ಆಳ.
ಐದು ವರ್ಷವಾಯಿತು.
ಮೂರನೆಯ ಅಧ್ಯಾಯ ನಾಲ್ಕು ಸಲ ವಾಪಸು ಬಂದಿದೆ.
ಅಂಚಿನಲ್ಲಿ ಗೈಡ್ ಪೆನ್ಸಿಲಿನಲ್ಲಿ ಬರೆದ ಎರಡೇ ಪದ:
"ಸರಿ. ಅದಕ್ಕೇನೀಗ?"
ಇಪ್ಪತ್ತು ವರ್ಷ ಹೈಸ್ಕೂಲಿಗೆ ಜೀವಶಾಸ್ತ್ರ ಹೇಳಿದವಳು ನಾನು,
ನನ್ನ ಕೆಂಪು ಪೆನ್ನಿಗೆ ಎಷ್ಟು ಹುಡುಗರು ಬೆವರಿದ್ದರೋ,
ಆ ಎರಡು ಪದಕ್ಕೆ
ನಲ್ಲಿ ತಿರುಗಿಸಿಟ್ಟು ಬಾತ್‌ರೂಮಿನಲ್ಲಿ ಅತ್ತೆ.

ಬೆರಿಲ್ ಹದಿನೈದಕ್ಕೆ ಶಾಲೆ ಬಿಟ್ಟು
ಬಂದರಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಮೀನು ಕೊಯ್ದವಳು.
ಈಗ ಹದಿನಾರರ ಮಕ್ಕಳು ಬರೆಯುವ ಲೆಕ್ಕದ ಪರೀಕ್ಷೆಗೆ ಕೂತಿದ್ದಾಳೆ.
ಯಾಕೆ ಅಂದರೆ,
"ಅಂಗಡಿಯಲ್ಲಿ ಹಳೇ ಬಾಕಿ ಇದ್ದ ಹಾಗೆ,
ಆ ಬೀದಿಗೆ ಹೋಗೋಕೇ ಮುಜುಗರ."

ಈಜಾದ ಮೇಲೆ ಮೆಷಿನ್ನಿನ ಟೀ, ತೊಟ್ಟಿಕ್ಕುವ ಕೂದಲು, ಭಿನ್ನರಾಶಿ.
ಟಿಶ್ಯೂ ಮೇಲೆ ರೊಟ್ಟಿ ಬರೆದು ಕಾಲು, ಅರೆಕಾಲು ಅಂತ ವಿವರಿಸಿದೆ.
ಅವಳು ನನ್ನ ರೊಟ್ಟಿಯನ್ನು ಬದಿಗೆ ತಳ್ಳಿ
ಒಂದೇ ಗೆರೆಯಲ್ಲಿ ಮೀನು ಬರೆದಳು.
"ತಲೆ, ಬಾಲ, ಮುಳ್ಳು ತೆಗೆದರೆ ಉಳಿಯೋದು ಅರ್ಧ.
ಅದರಲ್ಲಿ ಈ ಬದಿ ಅರ್ಧ. ಒಂದು ಬದಿಗೆ ಮೂರು ತುಂಡು."
ಪೆನ್ನು ಹಿಡಿದ ಕೈ ಚಾಕು ಹಿಡಿದಂತೆ ಓರೆಯಾಯಿತು.
"ಅಂದರೆ ನಾನು ದಿನಾ ಕೊಯ್ದದ್ದು... ಹನ್ನೆರಡರಲ್ಲೊಂದು?"
ನಲವತ್ತು ವರ್ಷ ಕೈಗೆ ಗೊತ್ತಿತ್ತು.
ಕೈ ಯಾರಿಗೂ ಹೇಳಿರಲಿಲ್ಲ.

ಆಮೇಲೆ ತಾನೇ ಕೇಳಿದಳು:
"ನಿನ್ನ ಹುಳು ಇಲ್ಲದೆ ಹೋದರೆ
ಯಾರು ಹಸಿದಿರ್ತಾರೆ?"
ಐದು ವರ್ಷ, ಇನ್ನೂರ ಹನ್ನೊಂದು ಬಿಲ,
ಯಾರೂ ನನಗೆ ಹೀಗೆ ಕೇಳಿರಲಿಲ್ಲ.
ಆ ರಾತ್ರಿ ಅಧ್ಯಾಯದ ಮೊದಲ ಸಾಲಿಗೆ ಹಕ್ಕಿಗಳನ್ನು ತಂದೆ,
ಚಳಿಗಾಲಕ್ಕೆ ಬಂದಿಳಿಯುವ ಉದ್ದ ಕೊಕ್ಕಿನವು, ಹಸಿದವು.
ಅದೂ ವಾಪಸು ಬಂತು.
ಅಂಚಿನಲ್ಲಿ: "ಹ್ಞಾಂ. ಮುಂದೆ?"

ಒಂದು ದಿನ ಅವಳಿಗೆ ಹೇಳಿದೆ:
ನಮ್ಮ ಭಾಷೆಯಲ್ಲಿ ಈಜನ್ನು ಯಾರೂ ಮಾಡಬಲ್ಲೆ ಅನ್ನುವುದಿಲ್ಲ ಬೆರಿಲ್,
ಈಜು ನನಗೆ ಬರುತ್ತೆ ಅನ್ನುತ್ತೇವೆ, ಇಲ್ಲ ಬರೋಲ್ಲ.
ಲೆಕ್ಕವೂ ಹಾಗೇ, ಅಡುಗೆಯೂ, ಹಾಡೂ.
ಎಲ್ಲಿಂದಲೋ ಹೊರಟು ನಡೆದು ಬರುವ ನೆಂಟರು.
ಅವಳು ಟೀ ಊದಿದಳು.
"ಹಾಗಾದರೆ ಅವರನ್ನ ಬಾಗಿಲಲ್ಲೇ ನಿಲ್ಲಿಸಿರೋದು ಯಾರು?"

ಜೂನಿನಲ್ಲಿ ಪರೀಕ್ಷೆ. ಆಗಸ್ಟಿನಲ್ಲಿ ಫಲಿತಾಂಶ.
ಬೆರಿಲ್‌ಗೆ ಐದು ಅಂಕ ಕಡಿಮೆ.
ಎರಡು ಗುರುವಾರ ಬರಲಿಲ್ಲ. ಫೋನೂ ಎತ್ತಲಿಲ್ಲ.
ಮೂರನೆಯದಕ್ಕೆ ರಬ್ಬರ್ ಟೋಪಿಯೊಳಗೆ ಬಿಳಿ ಕೂದಲು ತುರುಕುತ್ತ
"ನವೆಂಬರಿನಲ್ಲಿ ಮತ್ತೆ ಇದೆ" ಅಂದಳು, ಅಷ್ಟೇ.

ಈವತ್ತು ತಲೆ ಹಿಂದಕ್ಕೆ ಬಿಟ್ಟೆ.
ಕಿವಿ ಮುಳುಗಿತು.
ಕ್ಯಾಲಮ್‌ನ ಬಾಯಿ ಆಡುತ್ತಿದೆ, ಮಾತಿಲ್ಲ.
ಮೇಲೆ ಟ್ಯೂಬ್‌ಲೈಟು ಒಂದು, ಎರಡು, ಮೂರು.
ನಾಲ್ಕನೆಯದಕ್ಕೆ, ಅಯ್ಯೋ ತೇಲುತ್ತಿರುವುದು ನಾನೇ ಎಂದು ಹೊಳೆದು
ಕಾಲೂರಿದೆ. ಮೂಗಿನ ತುಂಬ ನೀರು.
ಬೆನ್ನು ಗುದ್ದುತ್ತ ಬೆರಿಲ್
ತನ್ನ ಯಾರ್ಕ್‌ಷೈರ್ ನಾಲಿಗೆಯಲ್ಲಿ ಕೇಳಿದಳು: "ಬರತ್ತೆ?"
ಕೆಮ್ಮುತ್ತಲೇ ಅಂದೆ:
ಬಾಗಿಲಲ್ಲಿದೆ.
ಚಪ್ಪಲಿ ಬಿಡ್ತಾ ಇದೆ.